ರೈಫಲ್ ಸ್ಕೋಪ್ ಆಯ್ಕೆ ಹೇಗೆ? ಜೂಮ್ ಹೆಚ್ಚಿದ್ದರೆ ಗುರಿ ತಪ್ಪುವುದಿಲ್ಲವೇ? ಟಾರ್ಗೆಟ್ ಶೂಟಿಂಗ್ ಆಸಕ್ತರು ತಿಳಿದಿರಬೇಕಾದ ಸಂಗತಿಗಳು

ಸಾವಿರ ಗಜ, ಅಂದರೆ 914 ಮೀಟರ್ ದೂರದಲ್ಲಿ ಒಂದು ಗುರಿಹಲಗೆ. ಅದರ ನಡುವೆ 10 ಅಂಕದ ವೃತ್ತ. ವೃತ್ತದ ಅಗಲ ಕೇವಲ 10 ಇಂಚು, ಅಂದರೆ 25.4 ಸೆಂ.ಮೀ. ಅದರೊಳಗೆ ಇನ್ನೊಂದು ಪುಟ್ಟ ವೃತ್ತ, ಅಗಲ 12.7 ಸೆಂ.ಮೀ. ಎಫ್-ಕ್ಲಾಸ್ ಎಂಬ ದೂರಗಾಮಿ ರೈಫಲ್ ಸ್ಪರ್ಧೆಯಲ್ಲಿ ಗುಂಡು ಬೀಳಬೇಕಾದ ಜಾಗ ಇದು. ಆರೋಗ್ಯವಂತ ಕಣ್ಣು ಬರಿಗಣ್ಣಿನಲ್ಲಿ ಗುರುತಿಸಬಲ್ಲ ಅತಿ ಚಿಕ್ಕ ವಿವರವೂ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಈ ಕ್ರೀಡೆಯಲ್ಲಿ ರೈಫಲ್ ಮೇಲೆ ಕೂರುವ ದೂರದರ್ಶಕಕ್ಕೆ, ಅಂದರೆ ಸ್ಕೋಪ್‌ಗೆ, ರೈಫಲ್‌ನಷ್ಟೇ ಮಹತ್ವ.

ಆದರೆ ಸ್ಕೋಪ್ ಕೊಳ್ಳಲು ಹೊರಟ ಹೆಚ್ಚಿನವರು ನೋಡುವುದು ಒಂದೇ ಸಂಖ್ಯೆ: ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ? 24ಕ್ಕಿಂತ 40 ಮೇಲು, 40ಕ್ಕಿಂತ 60 ಮೇಲು ಎಂಬ ಲೆಕ್ಕ. ಮೊಬೈಲ್ ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡಿ ಫೋನ್ ಕೊಂಡ ಹಾಗೆ ಇದು. ಸ್ಪರ್ಧಾ ದರ್ಜೆಯ ಒಂದು ಸ್ಕೋಪ್‌ನ ಬೆಲೆ 2,000 ಡಾಲರ್ ಮೀರುವುದು ಸಾಮಾನ್ಯ. ಇಷ್ಟು ಹಣ ಕೊಟ್ಟ ಮೇಲೂ ಅಂಕ ಏರದಿದ್ದರೆ ಕಾರಣ ಸಾಮಾನ್ಯವಾಗಿ ಆ ಸಂಖ್ಯೆಯ ಹಿಂದೆ ಅಡಗಿರುತ್ತದೆ. ಸ್ಕೋಪ್ ಆಯ್ಕೆಯಲ್ಲಿ ನಿಜಕ್ಕೂ ಗಮನಿಸಬೇಕಾದ್ದು ಏನು? ಇಲ್ಲಿದೆ ವಿವರ.

ಮೊದಲ ಪ್ರಶ್ನೆ: ನಿಮ್ಮ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶ ಇದೆಯೇ?

ಭಾರತದಲ್ಲಿ ರೈಫಲ್ ಶೂಟಿಂಗ್ ಎಂದರೆ ನೆನಪಾಗುವುದು ಒಲಿಂಪಿಕ್ಸ್. 2008ರ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಗೆದ್ದ ಚಿನ್ನ, 2012ರ ಲಂಡನ್‌ನಲ್ಲಿ ಗಗನ್ ನಾರಂಗ್ ಗೆದ್ದ ಕಂಚು, 2024ರ ಪ್ಯಾರಿಸ್‌ನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರಿಭಂಗಿ ಸ್ಪರ್ಧೆಯಲ್ಲಿ ಗೆದ್ದ ಕಂಚು. ಈ ಮೂವರಲ್ಲಿ ಯಾರೂ ಸ್ಕೋಪ್ ಬಳಸಿ ಪದಕ ಗೆದ್ದವರಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಹಾಗೂ 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕ ಜೋಡಿಸುವಂತಿಲ್ಲ. ಹಿಂದೆ ಸಣ್ಣ ರಂಧ್ರ, ಮುಂದೆ ಪುಟ್ಟ ಉಂಗುರ ಇರುವ ಅಪರ್ಚರ್ ಸೈಟ್ ಮಾತ್ರ. 10 ಮೀಟರ್ ಏರ್ ರೈಫಲ್ ಗುರಿಯ ನಡುವಿನ 10 ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಅದನ್ನೂ ಹೀಗೆಯೇ ಹೊಡೆಯಬೇಕು.

ಹಾಗಾಗಿ ಪುಣೆಯ ಬಾಲೆವಾಡಿಯಲ್ಲೋ ದೆಹಲಿಯ ಕರ್ಣಿ ಸಿಂಗ್ ರೇಂಜ್‌ನಲ್ಲೋ ತರಬೇತಿಗೆ ಸೇರಿದ ಮಗನಿಗೆ ಅಥವಾ ಮಗಳಿಗೆ ಮೊದಲ ವರ್ಷವೇ ಸ್ಕೋಪ್ ಕೊಡಿಸಲು ಹೊರಟ ಪೋಷಕರು ಒಮ್ಮೆ ತರಬೇತುದಾರರನ್ನು ಕೇಳುವುದು ಒಳ್ಳೆಯದು. ಒಲಿಂಪಿಕ್ ವಿಭಾಗದ ಅಭ್ಯಾಸಕ್ಕೆ ಅದು ಬೇಕಿಲ್ಲ.

ಹೆಚ್ಚು ಜೂಮ್ ಇರುವ ಸ್ಕೋಪ್‌ಗೆ ನಿಜವಾದ ಕೆಲಸ ಇರುವುದು ಈ ನಾಲ್ಕು ಸ್ಪರ್ಧೆಗಳಲ್ಲಿ:

• ಬೆಂಚ್‌ರೆಸ್ಟ್: ಮೇಜಿನ ಮೇಲೆ ರೈಫಲ್ ಊರಿ, ಗುಂಡುಗಳನ್ನು ಸಾಧ್ಯವಾದಷ್ಟು ಒಂದೇ ರಂಧ್ರದಲ್ಲಿ ಕೂರಿಸುವ ಸ್ಪರ್ಧೆ. ಅಮೆರಿಕದಲ್ಲಿ ಬೆಳೆದದ್ದು. 100 ಮತ್ತು 200 ಗಜ ಸಾಮಾನ್ಯ ದೂರ.

• ಎಫ್-ಕ್ಲಾಸ್: ಮಲಗಿದ ಭಂಗಿಯಲ್ಲಿ, ರೈಫಲ್‌ಗೆ ಆಸರೆ ಕೊಟ್ಟು, 1000 ಗಜದವರೆಗೆ ಹೊಡೆಯುವುದು. ಕೆನಡಾದ ಜಾರ್ಜ್ ಫಾರ್ಕ್ವಾರ್ಸನ್ ಆರಂಭಿಸಿದ್ದು. ಹೆಸರಿನ 'ಎಫ್' ಅವರದ್ದೇ.

• ಫೀಲ್ಡ್ ಟಾರ್ಗೆಟ್: ಏರ್ ರೈಫಲ್ ಹಿಡಿದು ಬಯಲಿನಲ್ಲಿ ಬೇರೆ ಬೇರೆ ದೂರದ ಲೋಹದ ಗುರಿಗಳನ್ನು ಬೀಳಿಸುವುದು. ಗರಿಷ್ಠ ದೂರ ಸುಮಾರು 50 ಮೀಟರ್. ಗುರಿ ಎಷ್ಟು ದೂರವಿದೆ ಎಂಬುದನ್ನು ಶೂಟರ್ ತಾನೇ ಅಂದಾಜು ಮಾಡಬೇಕು.

• ಪ್ರಿಸಿಷನ್ ರೈಫಲ್: ಸಮಯದ ಮಿತಿಯೊಳಗೆ, ಭಂಗಿ ಬದಲಿಸುತ್ತಾ, ಹಲವು ದೂರದ ಉಕ್ಕಿನ ಫಲಕಗಳಿಗೆ ಹೊಡೆಯುವುದು. ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಜನಪ್ರಿಯ.

ನಿಯಮಪುಸ್ತಕ ನೋಡದೆ ಸ್ಕೋಪ್ ಕೊಳ್ಳಬಾರದು ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ಸ್ಕೋಪ್‌ಗೆ ಅವಕಾಶವಿರುವ ಕಡೆಯೂ ಮಿತಿ ಇರಬಹುದು. ಅಮೆರಿಕದ ಬೆಂಚ್‌ರೆಸ್ಟ್‌ನಲ್ಲಿ 'ಹಂಟರ್' ವಿಭಾಗಕ್ಕೆ 6 ಪಟ್ಟು ಜೂಮ್ ಮಾತ್ರ. ಅಲ್ಲಿಗೆ 60 ಪಟ್ಟಿನ ಸ್ಕೋಪ್ ಒಯ್ದರೆ ಸ್ಪರ್ಧಿಸಲೇ ಆಗದು.

ಸ್ಕೋಪ್ ಮೇಲಿನ ಸಂಖ್ಯೆಗಳ ಅರ್ಥವೇನು?

ನೈಟ್‌ಫೋರ್ಸ್ ಕಂಪನಿಯ 'ಕಾಂಪಿಟಿಷನ್' ಸ್ಕೋಪ್ ಮೇಲೆ 15-55×52 ಎಂದಿರುತ್ತದೆ. ಅಂದರೆ ಗುರಿಯನ್ನು 15ರಿಂದ 55 ಪಟ್ಟು ಹತ್ತಿರ ಕಾಣಿಸುತ್ತದೆ, ಮುಂದಿನ ಲೆನ್ಸ್‌ನ ವ್ಯಾಸ 52 ಮಿ.ಮೀ. ಎಂದರ್ಥ. ಜಪಾನಿನ ಮಾರ್ಚ್ ಕಂಪನಿಯ 8-80×56 ಮಾದರಿಯಲ್ಲಿ ಜೂಮ್ 8ರಿಂದ 80 ಪಟ್ಟು, ಲೆನ್ಸ್ 56 ಮಿ.ಮೀ. ಒಂದೇ ಸಂಖ್ಯೆ ಇದ್ದರೆ, ಉದಾಹರಣೆಗೆ 45×45, ಅದು ಜೂಮ್ ಬದಲಿಸಲಾಗದ ಸ್ಥಿರ ಸ್ಕೋಪ್.

ಕೊಳ್ಳುವವರ ಕಣ್ಣು ಮೊದಲ ಸಂಖ್ಯೆಗಳ ಮೇಲೆ. ಆದರೆ ಕೊನೆಯ ಸಂಖ್ಯೆಯೇ, ಅಂದರೆ ಲೆನ್ಸ್‌ನ ವ್ಯಾಸವೇ, ಮೊದಲ ಸಂಖ್ಯೆ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ಎಷ್ಟು ಜೂಮ್ ಸಾಕು? ಭೌತಶಾಸ್ತ್ರ ಹಾಕಿರುವ ಗೆರೆ

ಯಾವುದೇ ಲೆನ್ಸ್ ತೋರಿಸಬಲ್ಲ ಸೂಕ್ಷ್ಮ ವಿವರಕ್ಕೆ ಒಂದು ಮಿತಿಯಿದೆ. ಗಾಜು ಎಷ್ಟೇ ಉತ್ತಮವಾಗಿರಲಿ, ಬೆಳಕಿನ ಅಲೆಯ ಗುಣದಿಂದಾಗಿ ಆ ಮಿತಿ ಲೆನ್ಸ್‌ನ ವ್ಯಾಸವನ್ನೇ ಅವಲಂಬಿಸುತ್ತದೆ. ಖಗೋಳ ವೀಕ್ಷಕರು ಬಳಸುವ ಸರಳ ಸೂತ್ರ ಹೀಗಿದೆ: 116 ಅನ್ನು ಲೆನ್ಸ್‌ನ ಮಿ.ಮೀ. ವ್ಯಾಸದಿಂದ ಭಾಗಿಸಿದರೆ ಆರ್ಕ್ ಸೆಕೆಂಡ್‌ಗಳಲ್ಲಿ ಉತ್ತರ ಸಿಗುತ್ತದೆ. ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್ ಸೆಕೆಂಡ್.

56 ಮಿ.ಮೀ. ಲೆನ್ಸ್‌ಗೆ ಈ ಲೆಕ್ಕ ಹಾಕಿದರೆ ಸುಮಾರು 2 ಆರ್ಕ್ ಸೆಕೆಂಡ್. 100 ಮೀಟರ್ ದೂರದಲ್ಲಿ ಅದು 1 ಮಿ.ಮೀ.ಗೆ ಸಮ. ಹಾಗಾಗಿ 6 ಮಿ.ಮೀ. ಗುಂಡಿನ ರಂಧ್ರ ಚೆನ್ನಾಗಿಯೇ ಕಾಣುತ್ತದೆ. 1000 ಗಜದಲ್ಲಿ ಇದೇ ಮಿತಿ ಸುಮಾರು 9 ಮಿ.ಮೀ. ಆದರೆ .308 ಕ್ಯಾಲಿಬರ್ ಗುಂಡಿನ ವ್ಯಾಸವೇ 7.8 ಮಿ.ಮೀ. ಅಂದರೆ ಗಾಳಿ ನಿಶ್ಚಲವಾಗಿದ್ದರೂ ಅಷ್ಟು ದೂರದ ರಂಧ್ರ ಸ್ಪಷ್ಟವಾಗಿ ಕಾಣುವ ಭರವಸೆ ಇಲ್ಲ.

ಇನ್ನು ಕಣ್ಣಿನ ಲೆಕ್ಕ. ಮನುಷ್ಯನ ಕಣ್ಣಿನ ಮಿತಿ ಸುಮಾರು 60 ಆರ್ಕ್ ಸೆಕೆಂಡ್. ಲೆನ್ಸ್‌ನ 2 ಆರ್ಕ್ ಸೆಕೆಂಡ್ ವಿವರವನ್ನು ಕಣ್ಣಿಗೆ ಕಾಣುವಷ್ಟು ಹಿಗ್ಗಿಸಲು ಸುಮಾರು 29 ಪಟ್ಟು ಸಾಕು. ಅದಕ್ಕಿಂತ ಮೇಲೆ ಜೂಮ್ ತಿರುಗಿಸಿದರೆ ಚಿತ್ರ ದೊಡ್ಡದಾಗುತ್ತದೆ, ಕಣ್ಣಿಗೆ ಒಂದಿಷ್ಟು ಆರಾಮವೂ ಆಗಬಹುದು, ಆದರೆ ಹೊಸ ವಿವರ ಏನೂ ಸಿಗುವುದಿಲ್ಲ. ಪಾಸ್‌ಪೋರ್ಟ್ ಅಳತೆಯ ಫೋಟೊವನ್ನು ಗೋಡೆಯಷ್ಟು ದೊಡ್ಡದು ಮಾಡಿಸಿದಂತೆ.

ಹಾಗಾದರೆ ಎಫ್-ಕ್ಲಾಸ್ ಶೂಟರ್‌ಗಳು 55, 60 ಪಟ್ಟಿನ ಸ್ಕೋಪ್ ಏಕೆ ಕೊಳ್ಳುತ್ತಾರೆ? ಉತ್ತರ ಸರಳ. ಅವರಿಗೆ ಬೇಕಿರುವುದು ರಂಧ್ರ ನೋಡುವುದಲ್ಲ. ಆ ಸ್ಪರ್ಧೆಯಲ್ಲಿ ಪ್ರತಿ ಗುಂಡಿನ ನಂತರ ಗುರಿಹಲಗೆಯನ್ನು ಕೆಳಗಿಳಿಸಿ, ಗುಂಡು ಬಿದ್ದ ಕಡೆ ಬಿಲ್ಲೆಯೊಂದನ್ನು ಸಿಕ್ಕಿಸಿ ಮತ್ತೆ ಎತ್ತಲಾಗುತ್ತದೆ. ಈಗೀಗ ಎಲೆಕ್ಟ್ರಾನಿಕ್ ಗುರಿಗಳೂ ಬಂದಿವೆ. ಶೂಟರ್‌ಗೆ ಬೇಕಿರುವುದು ವೃತ್ತದೊಳಗೆ ತಾನು ಬಯಸಿದ ಬಿಂದುವಿನಲ್ಲಿ ನಿಖರವಾಗಿ ಗುರಿ ಹಿಡಿಯುವುದು. ಬೆಳಗಿನ ತಂಪಿನಲ್ಲಿ 50 ಪಟ್ಟು, ಬಿಸಿಲೇರಿದ ಮೇಲೆ 25ರಿಂದ 30 ಪಟ್ಟು ಹೀಗೆ ಇಳಿಸಿಕೊಳ್ಳುತ್ತಾರೆ. ಆದ್ದರಿಂದ ಗರಿಷ್ಠ ಸಂಖ್ಯೆಯ ಜತೆಗೆ ಕನಿಷ್ಠ ಸಂಖ್ಯೆಯನ್ನೂ ನೋಡಬೇಕು.

ಸ್ಥೂಲವಾಗಿ ಯಾವ ಸ್ಪರ್ಧೆಗೆ ಎಷ್ಟು ಎಂಬ ಪಟ್ಟಿ ಹೀಗಿದೆ:

• 100-200 ಗಜದ ಬೆಂಚ್‌ರೆಸ್ಟ್: 36ರಿಂದ 48 ಪಟ್ಟಿನ ಸ್ಥಿರ ಸ್ಕೋಪ್. ಒಳಗೆ ಚಲಿಸುವ ಭಾಗಗಳು ಕಡಿಮೆ, ತೂಕವೂ ಕಡಿಮೆ.
• ಎಫ್-ಕ್ಲಾಸ್: 10ರಿಂದ 60 ಪಟ್ಟಿನ ಆಸುಪಾಸು. ಹೆಚ್ಚಿನ ಬಳಕೆ 25ರಿಂದ 45ರ ನಡುವೆ.
• ಫೀಲ್ಡ್ ಟಾರ್ಗೆಟ್: 35ರಿಂದ 50 ಪಟ್ಟು. ಇಲ್ಲಿ ಜೂಮ್ ಬೇಕಿರುವುದು ಮುಖ್ಯವಾಗಿ ದೂರ ಅಳೆಯಲು.
• ಪ್ರಿಸಿಷನ್ ರೈಫಲ್: 5-25 ಅಥವಾ 7-35 ಪಟ್ಟು. ಸ್ಪರ್ಧೆಯಲ್ಲಿ ಬಳಸುವುದು ಹೆಚ್ಚಾಗಿ 12ರಿಂದ 20.

ಕೊನೆಯ ಸಾಲಿನ ಸಂಖ್ಯೆ ಅಷ್ಟು ಕಡಿಮೆ ಏಕೆ ಎಂದರೆ, ಜೂಮ್ ಹೆಚ್ಚಿದಂತೆ ಸ್ಕೋಪ್‌ನೊಳಗೆ ಕಾಣುವ ಕ್ಷೇತ್ರ ಕಿರಿದಾಗುತ್ತದೆ. ಒಂದು ಫಲಕದಿಂದ ಇನ್ನೊಂದಕ್ಕೆ ತಿರುಗುವಾಗ ಗುರಿ ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಸಾಲಾಗಿ ಹಲಗೆಗಳಿರುವ ಎಫ್-ಕ್ಲಾಸ್‌ನಲ್ಲಿ ಪಕ್ಕದವರ ಗುರಿಗೆ ಹೊಡೆದುಬಿಡುವ ಅಪಾಯವೂ ಇದೆ. ಹಾಗೆ ಹೊಡೆದರೆ ಆ ಗುಂಡಿಗೆ ಸೊನ್ನೆ.

ಬೆಳಕು ಮತ್ತು ಕಣ್ಣು: ಒಂದು ಸರಳ ಭಾಗಾಕಾರ

ಮುಂದಿನ ಲೆನ್ಸ್‌ನ ವ್ಯಾಸವನ್ನು ಜೂಮ್‌ನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ ಸಿಗುತ್ತದೆ. ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. 56 ಮಿ.ಮೀ. ಲೆನ್ಸ್‌ನಲ್ಲಿ 10 ಪಟ್ಟಿಗೆ 5.6 ಮಿ.ಮೀ., 25 ಪಟ್ಟಿಗೆ 2.2 ಮಿ.ಮೀ., 40 ಪಟ್ಟಿಗೆ 1.4 ಮಿ.ಮೀ., 60 ಪಟ್ಟಿಗೆ ಒಂದು ಮಿ.ಮೀ.ಗಿಂತಲೂ ಕಡಿಮೆ.

ಹಗಲಿನ ಬೆಳಕಿನಲ್ಲಿ ಕಣ್ಣಿನ ಪಾಪೆ 2ರಿಂದ 3 ಮಿ.ಮೀ. ತೆರೆದಿರುತ್ತದೆ. ಬರುವ ಬೆಳಕಿನ ಕಂಬ ಅದಕ್ಕಿಂತ ತೆಳುವಾದರೆ ಎರಡು ತೊಂದರೆ. ಚಿತ್ರ ಮಂಕಾಗುತ್ತದೆ. ಜತೆಗೆ ತಲೆ ಒಂದು ಮಿ.ಮೀ. ಆಚೀಚೆ ಸರಿದರೂ ಚಿತ್ರವೇ ಮಾಯವಾಗಿ ಕಪ್ಪಾಗುತ್ತದೆ. ಮೇಜಿನ ಮೇಲೆ ಊರಿದ ರೈಫಲ್‌ಗೆ ಇದು ದೊಡ್ಡ ತೊಡಕಲ್ಲ. ಮೊಣಕಾಲೂರಿ ಹೊಡೆಯುವವರಿಗೆ ತಲೆನೋವು.

ಕಣ್ಣು ಮತ್ತು ಹಿಂದಿನ ಲೆನ್ಸ್ ನಡುವೆ ಎಷ್ಟು ಅಂತರ ಬೇಕು ಎಂಬುದನ್ನೂ ಕೇಳಿ ತಿಳಿಯಬೇಕು. ಇದಕ್ಕೆ ಐ ರಿಲೀಫ್ ಎಂದು ಹೆಸರು. ಕನ್ನಡಕ ಹಾಕುವವರಿಗೆ ಇದು ಇನ್ನೂ ಮುಖ್ಯ. ಹಿನ್ನೊದೆತ ಜೋರಾಗಿರುವ ರೈಫಲ್‌ನಲ್ಲಿ ಅಂತರ ಸಾಲದಿದ್ದರೆ ಸ್ಕೋಪ್‌ನ ಅಂಚು ಹುಬ್ಬಿಗೆ ಬಡಿದು ಗಾಯವಾಗುತ್ತದೆ.

ಬಿಸಿಲುಗುದುರೆ: ದುಬಾರಿ ಗಾಜೂ ಗೆಲ್ಲಲಾಗದ ಎದುರಾಳಿ

ಹೆದ್ದಾರಿಯಲ್ಲಿ ಮಧ್ಯಾಹ್ನ ದೂರದ ಟಾರು ನೀರಿನಂತೆ ಅಲುಗಾಡುವುದನ್ನು ಎಲ್ಲರೂ ನೋಡಿರುತ್ತಾರೆ. ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಬಾಗಿಸುವುದೇ ಇದಕ್ಕೆ ಕಾರಣ. ಶೂಟಿಂಗ್ ರೇಂಜ್‌ನಲ್ಲೂ ಇದೇ ನಡೆಯುತ್ತದೆ. ಸ್ಕೋಪ್ ಗುರಿಯನ್ನು 50 ಪಟ್ಟು ಹಿಗ್ಗಿಸಿದಾಗ ಈ ಅಲುಗಾಟವನ್ನೂ 50 ಪಟ್ಟು ಹಿಗ್ಗಿಸುತ್ತದೆ. ವೃತ್ತಗಳು ಕುದಿಯುವ ಪಾತ್ರೆಯ ತಳದಲ್ಲಿ ಇಟ್ಟಂತೆ ಕಾಣುತ್ತವೆ.

ನಮ್ಮ ದೇಶದ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಹೈದರಾಬಾದ್‌ನಲ್ಲೋ ಚೆನ್ನೈನಲ್ಲೋ ಹತ್ತು ಗಂಟೆಯ ನಂತರ ಬಯಲು ರೇಂಜ್‌ನಲ್ಲಿ ಹೊಡೆಯುವವರಿಗೆ 60 ಪಟ್ಟಿನ ಜೂಮ್ ಇದ್ದೂ ಇಲ್ಲದಂತೆ. ಒಳ್ಳೆಯ ಗಾಜು ಬಣ್ಣಗಳ ಅಂಚನ್ನು ಶುದ್ಧವಾಗಿ ತೋರಿಸಬಹುದು, ಬಿಸಿಗಾಳಿಯನ್ನು ತೆಗೆದುಹಾಕಲಾರದು. ಇರುವ ಪರಿಹಾರ ಒಂದೇ: ಜೂಮ್ ಇಳಿಸುವುದು.

ಆದರೆ ಅನುಭವಿಗಳಿಗೆ ಬಿಸಿಲುಗುದುರೆ ಶತ್ರು ಮಾತ್ರವಲ್ಲ, ಗೂಢಚಾರನೂ ಹೌದು. ಅಲೆಗಳು ನೇರ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ. ಒಂದು ಕಡೆಗೆ ಓರೆಯಾಗಿ ಹರಿಯುತ್ತಿದ್ದರೆ ಗಾಳಿ ಆ ದಿಕ್ಕಿಗೆ ಬೀಸುತ್ತಿದೆ ಎಂದರ್ಥ. ಗಾಳಿ ಜೋರಾದಂತೆ ಅಲೆಗಳು ನೆಲಕ್ಕೆ ಸಮಾನಾಂತರವಾಗುತ್ತವೆ.

ಕಾದ ಬ್ಯಾರೆಲ್‌ನಿಂದಲೂ ಬಿಸಿ ಏಳುತ್ತದೆ. ಇದಕ್ಕೆ ಪರಿಹಾರ ಅಗ್ಗ. ಬ್ಯಾರೆಲ್ ಮೇಲೆ ಅಗಲವಾದ ಪಟ್ಟಿ ಕಟ್ಟಿ ಬಿಸಿಗಾಳಿ ಸ್ಕೋಪ್ ಮುಂದೆ ಬಾರದಂತೆ ಬದಿಗೆ ಸರಿಸುತ್ತಾರೆ.

ಪ್ಯಾರಲಾಕ್ಸ್: ಕಾಣದೆ ಅಂಕ ಕದಿಯುವ ದೋಷ

ಬಸ್ಸಿನ ಚಾಲಕನ ಪಕ್ಕ ನಿಂತು ಸ್ಪೀಡೋಮೀಟರ್ ನೋಡಿದರೆ ಮುಳ್ಳು ಬೇರೆ ಅಂಕೆಯ ಮೇಲೆ ಕಾಣುತ್ತದೆ. ಮುಳ್ಳು ಮತ್ತು ಅಂಕೆ ಒಂದೇ ಸಮತಲದಲ್ಲಿ ಇಲ್ಲದಿರುವುದೇ ಕಾರಣ. ಸ್ಕೋಪ್‌ನಲ್ಲೂ ಗುರಿಯ ಚಿತ್ರ ಮತ್ತು ಒಳಗಿನ ಅಡ್ಡಗೆರೆಗಳು, ಅಂದರೆ ರೆಟಿಕಲ್, ಒಂದೇ ಸಮತಲದಲ್ಲಿ ಇಲ್ಲದಿದ್ದರೆ ಕಣ್ಣು ಸರಿದಂತೆ ಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುತ್ತದೆ.

ಇದರ ಗರಿಷ್ಠ ದೋಷವನ್ನು ಲೆಕ್ಕ ಹಾಕಬಹುದು. 100 ಮೀಟರ್‌ಗೆ ಹೊಂದಿಸಿದ 40 ಮಿ.ಮೀ. ಲೆನ್ಸ್‌ನ ಸ್ಕೋಪ್‌ನಲ್ಲಿ 200 ಮೀಟರ್ ಗುರಿಗೆ ಹೊಡೆದರೆ, ಕಣ್ಣು ಪೂರ್ತಿ ಅಂಚಿಗೆ ಸರಿದಾಗ ದೋಷ 20 ಮಿ.ಮೀ. ಅದೇ ಸ್ಕೋಪ್ ಅನ್ನು 10 ಮೀಟರ್ ಏರ್ ರೈಫಲ್ ಮೇಲೆ ಕೂರಿಸಿದರೆ 18 ಮಿ.ಮೀ. ದೂರ ಹತ್ತಿರವಾದರೂ ದೋಷ ಹೆಚ್ಚುಕಡಿಮೆ ಅಷ್ಟೇ.

ಆದ್ದರಿಂದ ನಿಖರ ಶೂಟಿಂಗ್‌ಗೆ ಪ್ಯಾರಲಾಕ್ಸ್ ಸರಿಪಡಿಸುವ ತಿರುಗಣೆ ಇರಲೇಬೇಕು. ಬದಿಯಲ್ಲಿರಬಹುದು ಅಥವಾ ಮುಂದಿನ ಲೆನ್ಸ್ ಸುತ್ತ ಇರಬಹುದು. ಅದು ಎಷ್ಟು ಮೀಟರ್‌ನಿಂದ ಕೆಲಸ ಮಾಡುತ್ತದೆ ಎಂಬುದನ್ನು ಕೇಳಬೇಕು. 50 ಮೀಟರ್‌ನಿಂದ ಆರಂಭವಾಗುವ ಸ್ಕೋಪ್ ಏರ್ ರೈಫಲ್‌ಗೆ ಉಪಯೋಗವಿಲ್ಲ. ಫೀಲ್ಡ್ ಟಾರ್ಗೆಟ್ ಶೂಟರ್‌ಗಳು ಇದೇ ತಿರುಗಣೆಗೆ ದೊಡ್ಡ ಚಕ್ರ ಜೋಡಿಸಿ, ಗುರಿ ಸ್ಪಷ್ಟವಾಗುವ ಬಿಂದುವಿನಿಂದ ದೂರವನ್ನು ಓದಿಕೊಳ್ಳುತ್ತಾರೆ. ಜೂಮ್ ಹೆಚ್ಚಿದಂತೆ ಸ್ಪಷ್ಟತೆಯ ವ್ಯಾಪ್ತಿ ಕಿರಿದಾಗುವುದರಿಂದ ಅಳತೆ ನಿಖರವಾಗುತ್ತದೆ. ಅವರಿಗೆ 50 ಪಟ್ಟು ಬೇಕಾಗುವುದು ಇದಕ್ಕೇ.

ಹೊಂದಿಸುವ ಕ್ರಮ ಹೀಗೆ: ಮೊದಲು ಬಿಳಿ ಗೋಡೆ ಅಥವಾ ಖಾಲಿ ಆಕಾಶದತ್ತ ನೋಡಿ ಕಣ್ಣಿನ ಬದಿಯ ಲೆನ್ಸ್ ತಿರುಗಿಸಿ ಗೆರೆಗಳು ಸ್ಪಷ್ಟವಾಗುವಂತೆ ಮಾಡಬೇಕು. ಸೂರ್ಯನತ್ತ ಮಾತ್ರ ಎಂದಿಗೂ ತಿರುಗಿಸಬಾರದು, ಕಣ್ಣು ಹೋಗುತ್ತದೆ. ನಂತರ ಗುರಿಯತ್ತ ನೋಡಿ, ತಲೆಯನ್ನು ಸ್ವಲ್ಪ ಆಡಿಸಿದರೂ ಗೆರೆ ಗುರಿಯ ಮೇಲೆ ಸರಿಯದಂತಾಗುವವರೆಗೆ ಪ್ಯಾರಲಾಕ್ಸ್ ತಿರುಗಣೆ ಹೊಂದಿಸಬೇಕು. ತಿರುಗಣೆಯ ಮೇಲೆ ಬರೆದ ದೂರದ ಅಂಕೆಗಿಂತ ಈ ಪರೀಕ್ಷೆಯೇ ನಂಬಿಕಸ್ಥ.

ಎಂಒಎ ಅಥವಾ ಮಿಲ್? ಒಂದು ಕ್ಲಿಕ್‌ಗೆ ಎಷ್ಟು?

ಸ್ಕೋಪ್‌ನ ಮೇಲಿರುವ ತಿರುಪುಗಳಿಗೆ ಟರೆಟ್ ಎನ್ನುತ್ತಾರೆ. ಇವನ್ನು ತಿರುಗಿಸಿದರೆ ಗುಂಡು ಬೀಳುವ ಜಾಗ ಮೇಲೆ ಕೆಳಗೆ, ಎಡ ಬಲಕ್ಕೆ ಸರಿಯುತ್ತದೆ. ಅಳತೆಗೆ ಎರಡು ಪದ್ಧತಿ ಇವೆ. ಒಂದು ಡಿಗ್ರಿಯ 60ನೇ ಒಂದು ಭಾಗ ಎಂಒಎ. ಇದು 100 ಮೀಟರ್‌ನಲ್ಲಿ 2.9 ಸೆಂ.ಮೀ. ಇನ್ನೊಂದು ಮಿಲ್. ಇದು 100 ಮೀಟರ್‌ನಲ್ಲಿ ಸರಿಯಾಗಿ 10 ಸೆಂ.ಮೀ. ಒಂದು ಮಿಲ್ ಎಂದರೆ 3.44 ಎಂಒಎ. ಮೀಟರ್ ಲೆಕ್ಕದಲ್ಲಿ ಬೆಳೆದವರಿಗೆ ಮಿಲ್ ಸುಲಭ. ಯಾವುದನ್ನೇ ಆರಿಸಿದರೂ ಟರೆಟ್ ಮತ್ತು ಒಳಗಿನ ಗೆರೆ ಎರಡೂ ಒಂದೇ ಪದ್ಧತಿಯಲ್ಲಿರಲಿ.

ಟರೆಟ್ ಒಂದು ಸಲ 'ಟಕ್' ಎಂದಾಗ ಗುರಿ ಎಷ್ಟು ಸರಿಯುತ್ತದೆ ಎಂಬುದು ಮುಖ್ಯ. 1000 ಗಜದಲ್ಲಿ ಲೆಕ್ಕ ಹೀಗಿದೆ:

• 0.1 ಮಿಲ್ ಕ್ಲಿಕ್: 9.1 ಸೆಂ.ಮೀ.
• ಕಾಲು ಎಂಒಎ ಕ್ಲಿಕ್: 6.6 ಸೆಂ.ಮೀ.
• 0.05 ಮಿಲ್ ಕ್ಲಿಕ್: 4.6 ಸೆಂ.ಮೀ.
• ಎಂಟನೇ ಒಂದು ಎಂಒಎ ಕ್ಲಿಕ್: 3.3 ಸೆಂ.ಮೀ.

ಎಫ್-ಕ್ಲಾಸ್‌ನ ಒಳವೃತ್ತದ ತ್ರಿಜ್ಯವೇ 6.35 ಸೆಂ.ಮೀ. 0.1 ಮಿಲ್‌ನ ಒಂದೇ ಕ್ಲಿಕ್‌ಗೆ ಗುಂಡು ಆ ವೃತ್ತದ ನಡುವಿನಿಂದ ಹೊರಗೆ ಹೋಗುತ್ತದೆ. ಆ ಸ್ಪರ್ಧೆಯವರು ಎಂಟನೇ ಒಂದು ಎಂಒಎ ಕ್ಲಿಕ್ ಇರುವ ಸ್ಕೋಪ್ ಹುಡುಕುವುದು ಇದೇ ಕಾರಣಕ್ಕೆ. ಉಕ್ಕಿನ ಫಲಕಗಳಿಗೆ ಬೇಗ ಬೇಗ ಹೊಡೆಯುವವರಿಗೆ ಮಾತ್ರ 0.1 ಮಿಲ್ ಅನುಕೂಲ, ತಿರುಗಿಸುವ ಕೆಲಸ ಕಡಿಮೆ.

ರೆಟಿಕಲ್: ಮೊದಲ ಸಮತಲವೋ ಎರಡನೆಯದೋ?

ಮೊದಲ ಫೋಕಲ್ ಪ್ಲೇನ್ ಸ್ಕೋಪ್‌ನಲ್ಲಿ ಜೂಮ್ ಹೆಚ್ಚಿದಂತೆ ಗೆರೆಗಳೂ ದಪ್ಪವಾಗಿ ಕಾಣುತ್ತವೆ. ಗೆರೆಯ ಮೇಲಿನ ಅಳತೆ ಯಾವ ಜೂಮ್‌ನಲ್ಲೂ ಸರಿಯಾಗಿರುತ್ತದೆ. ಬೇರೆ ಬೇರೆ ದೂರದ ಗುರಿಗಳಿಗೆ ಹೊಡೆಯುವವರಿಗೆ ಇದು ಹೇಳಿ ಮಾಡಿಸಿದಂತಿದೆ.

ಎರಡನೇ ಫೋಕಲ್ ಪ್ಲೇನ್‌ನಲ್ಲಿ ಗೆರೆಯ ದಪ್ಪ ಕಣ್ಣಿಗೆ ಸದಾ ಒಂದೇ. ಜೂಮ್ ಹೆಚ್ಚಿಸಿದಂತೆ ಅದು ಗುರಿಯನ್ನು ಕಡಿಮೆ ಮುಚ್ಚುತ್ತದೆ. ಆದರೆ ಗೆರೆಯ ಮೇಲಿನ ಅಳತೆ ನಿಗದಿತ ಒಂದು ಜೂಮ್‌ನಲ್ಲಿ ಮಾತ್ರ ನಿಜ. ಬೆಂಚ್‌ರೆಸ್ಟ್ ಮತ್ತು ಎಫ್-ಕ್ಲಾಸ್‌ನಲ್ಲಿ ದೂರ ಮೊದಲೇ ಗೊತ್ತಿರುವುದರಿಂದ ಅಲ್ಲಿ ಈ ಬಗೆಯದೇ ಹೆಚ್ಚು. ತೆಳು ಗೆರೆ, ನಡುವೆ ಪುಟ್ಟ ಚುಕ್ಕೆ. ಎಂಟನೇ ಒಂದು ಎಂಒಎ ಚುಕ್ಕೆ 1000 ಗಜದಲ್ಲಿ ಮುಚ್ಚುವುದು 3.3 ಸೆಂ.ಮೀ. ಮಾತ್ರ. ತೀರಾ ತೆಳುವಾದರೂ ಕಷ್ಟ, ಕಪ್ಪು ವೃತ್ತದ ಮೇಲೆ ಕಪ್ಪು ಚುಕ್ಕೆ ಕಳೆದುಹೋಗುತ್ತದೆ.

ಕೂರಿಸುವುದರಲ್ಲಿದೆ ಅರ್ಧ ಗುಟ್ಟು

.308 ರೈಫಲ್ ಅನ್ನು 100 ಗಜಕ್ಕೆ ಹೊಂದಿಸಿದ್ದರೆ, 1000 ಗಜ ತಲುಪಲು ಟರೆಟ್ ಅನ್ನು ಸುಮಾರು 38 ಎಂಒಎ ಮೇಲಕ್ಕೆ ತಿರುಗಿಸಬೇಕಾಗುತ್ತದೆ. ಗುಂಡು, ವೇಗ, ಹವೆಗೆ ತಕ್ಕಂತೆ ಇದು ಸ್ವಲ್ಪ ಬದಲಾಗುತ್ತದೆ. ಹೆಚ್ಚು ಜೂಮ್‌ನ ಹಲವು ಸ್ಕೋಪ್‌ಗಳಲ್ಲಿ ಟರೆಟ್ ತಿರುಗುವ ಒಟ್ಟು ವ್ಯಾಪ್ತಿಯೇ ಸೀಮಿತ. ಅದರ ಅರ್ಧ ಮಾತ್ರ ಮೇಲ್ಮುಖವಾಗಿ ಸಿಗುತ್ತದೆ. ಇದಕ್ಕಾಗಿ ಮುಂದಕ್ಕೆ 20 ಎಂಒಎ ಇಳಿಜಾರು ಕೊಟ್ಟ ರೈಲ್ ಬಳಸುತ್ತಾರೆ. ಸ್ಕೋಪ್ ಕೊಳ್ಳುವ ಮುನ್ನ ಈ ಕೂಡಿಸಿ ಕಳೆಯುವ ಲೆಕ್ಕ ಮಾಡದಿದ್ದರೆ, ರೇಂಜ್‌ಗೆ ಹೋದ ಮೇಲೆ ಟರೆಟ್ ಅರ್ಧದಲ್ಲೇ ನಿಂತುಹೋಗುತ್ತದೆ.

ಇನ್ನೊಂದು ಸಂಗತಿ ವಾಲುವಿಕೆ. ಸ್ಕೋಪ್ ಅಥವಾ ರೈಫಲ್ ಕೇವಲ ಒಂದು ಡಿಗ್ರಿ ವಾಲಿದ್ದರೂ, ಮೇಲಕ್ಕೆ ಕೊಟ್ಟ 38 ಎಂಒಎಯಲ್ಲಿ 0.66 ಎಂಒಎ ಬದಿಗೆ ಹೋಗುತ್ತದೆ. 1000 ಗಜದಲ್ಲಿ ಅದು 17 ಸೆಂ.ಮೀ.ಗೂ ಹೆಚ್ಚು. 10 ಅಂಕದ ವೃತ್ತದ ತ್ರಿಜ್ಯ 12.7 ಸೆಂ.ಮೀ. ಎಂದರೆ ಗಾಳಿಯೇ ಇಲ್ಲದಿದ್ದರೂ ಗುಂಡು ಹೊರಗೆ. ಸ್ಕೋಪ್‌ಗೆ ಜೋಡಿಸುವ ಪುಟ್ಟ ನೀರ್ಮಟ್ಟ ಈ ನಷ್ಟವನ್ನು ತಪ್ಪಿಸುತ್ತದೆ. ಗಾರೆ ಕೆಲಸದವರು ಬಳಸುವ ಅದೇ ತತ್ವ.

ಸ್ಕೋಪ್‌ನ ಕೊಳವೆಯ ವ್ಯಾಸ 25.4, 30 ಅಥವಾ 34 ಮಿ.ಮೀ. ಇರುತ್ತದೆ. ಹಿಡಿದಿಡುವ ಉಂಗುರಗಳು ಅದಕ್ಕೆ ತಕ್ಕ ಅಳತೆಯವೇ ಆಗಬೇಕು, ತಿರುಪುಗಳನ್ನು ತಯಾರಕರು ಹೇಳಿದಷ್ಟೇ ಬಿಗಿಯಬೇಕು. ತೂಕದ ಲೆಕ್ಕವೂ ಇದೆ. ಅಂತರರಾಷ್ಟ್ರೀಯ ಎಫ್-ಕ್ಲಾಸ್‌ನ ಎಫ್/ಟಿಆರ್ ವಿಭಾಗದಲ್ಲಿ ರೈಫಲ್, ಕಾಲು, ಸ್ಕೋಪ್ ಎಲ್ಲ ಸೇರಿ 8.25 ಕೆ.ಜಿ. ಮೀರುವಂತಿಲ್ಲ. ಓಪನ್ ವಿಭಾಗದಲ್ಲಿ ಮಿತಿ 10 ಕೆ.ಜಿ.

ಸ್ಪ್ರಿಂಗ್ ಏರ್ ರೈಫಲ್ ಇರುವವರಿಗೆ ಒಂದು ಎಚ್ಚರಿಕೆ. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ. ದೊಡ್ಡ ಬಂದೂಕಿನ ಒದೆತ ತಡೆಯುವ ಸ್ಕೋಪ್ ಕೂಡ ಇದರಲ್ಲಿ ಒಳಗೇ ಸಡಿಲಗೊಳ್ಳಬಹುದು. ಏರ್ ರೈಫಲ್‌ಗೆ ಯೋಗ್ಯ ಎಂದು ತಯಾರಕರು ಸ್ಪಷ್ಟವಾಗಿ ಹೇಳಿದ್ದನ್ನೇ ಕೊಳ್ಳಬೇಕು.

ಹಣ ಕೊಡುವ ಮುನ್ನ ಮಾಡಬಹುದಾದ ಪರೀಕ್ಷೆಗಳು

ಅಂಗಡಿಯ ದೀಪದ ಬೆಳಕಿನಲ್ಲಿ ಎಲ್ಲ ಸ್ಕೋಪ್‌ಗಳೂ ಚೆನ್ನಾಗಿಯೇ ಕಾಣುತ್ತವೆ. ಸಾಧ್ಯವಾದರೆ ರೇಂಜ್‌ನಲ್ಲಿ ಬೇರೆಯವರ ಸ್ಕೋಪ್ ಮೂಲಕ ನೋಡುವುದು ಉತ್ತಮ.

1. ಅಳತೆಪಟ್ಟಿ ಪರೀಕ್ಷೆ: ಸರಿಯಾಗಿ 100 ಮೀಟರ್ ದೂರದಲ್ಲಿ ಮೀಟರ್ ಕೋಲನ್ನು ನೇರವಾಗಿ ನಿಲ್ಲಿಸಿ. ಸ್ಕೋಪ್ ಅಲುಗಾಡದಂತೆ ಬಿಗಿದು, ಟರೆಟ್ ಅನ್ನು 10 ಮಿಲ್ ತಿರುಗಿಸಿ. ಗೆರೆ ಸರಿಯಾಗಿ 1 ಮೀಟರ್ ಸರಿಯಬೇಕು. 98 ಸೆಂ.ಮೀ. ಸರಿದರೆ ಶೇ 2 ದೋಷ ಎಂದರ್ಥ. ಪ್ರತಿ ಸಲ ಅಷ್ಟೇ ದೋಷ ಬಂದರೆ ಲೆಕ್ಕದಲ್ಲಿ ಸರಿಪಡಿಸಿಕೊಳ್ಳಬಹುದು. ಒಂದೊಂದು ಸಲ ಒಂದೊಂದು ಬಂದರೆ ಆ ಸ್ಕೋಪ್ ಬೇಡ.

2. ಮರಳಿ ಬರುವ ಪರೀಕ್ಷೆ: ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ ಸಮ ಕ್ಲಿಕ್‌ಗಳಷ್ಟು ತಿರುಗಿಸಿದರೆ ಗೆರೆ ಹೊರಟ ಜಾಗಕ್ಕೇ ಮರಳಬೇಕು.

3. ಜೂಮ್ ಪರೀಕ್ಷೆ: ಕನಿಷ್ಠದಿಂದ ಗರಿಷ್ಠಕ್ಕೆ ಜೂಮ್ ಬದಲಿಸಿದಾಗ ಗೆರೆಯ ನಡುಬಿಂದು ಗುರಿಯಿಂದ ಸರಿಯಬಾರದು.

4. ಅಂಚಿನ ಪರೀಕ್ಷೆ: ಬಿಳಿ ಹಿನ್ನೆಲೆಯ ಕಪ್ಪು ಗೆರೆಯನ್ನು ಗರಿಷ್ಠ ಜೂಮ್‌ನಲ್ಲಿ ನೋಡಿ. ಅಂಚಿನಲ್ಲಿ ನೇರಳೆ ಅಥವಾ ಹಸಿರು ಬಣ್ಣದ ಅಂಚುಕಟ್ಟು ಎದ್ದು ಕಂಡರೆ ಗಾಜಿನ ಗುಣಮಟ್ಟ ಕಡಿಮೆ.

ಗಾಜು ಸ್ವಲ್ಪ ಮಂಕಾದರೂ ಅಂಕ ಗಳಿಸಬಹುದು. ಟರೆಟ್ ನಂಬಿಕೆಗೆ ಅರ್ಹವಲ್ಲದಿದ್ದರೆ ಏನೂ ಮಾಡಲಾಗದು. ಹಣ ಸೀಮಿತವಾಗಿದ್ದಾಗ 60 ಪಟ್ಟಿನ ಅಗ್ಗದ ಸ್ಕೋಪ್‌ಗಿಂತ 25 ಪಟ್ಟಿನ ಗಟ್ಟಿ ಸ್ಕೋಪ್ ಲೇಸು.

ಭಾರತದಲ್ಲಿ ಕೊಳ್ಳುವವರು ಗಮನಿಸಬೇಕಾದ ಕಾನೂನು

ಭಾರತದಲ್ಲಿ ಬಂದೂಕು ಹೊಂದಲು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಅಡಿ ಪರವಾನಗಿ ಕಡ್ಡಾಯ. ಏರ್ ರೈಫಲ್‌ನ ಗುಂಡಿನ ಶಕ್ತಿ 20 ಜೂಲ್ ಮೀರಿದರೆ ಅಥವಾ ಕ್ಯಾಲಿಬರ್ 4.5 ಮಿ.ಮೀ. ಮೀರಿದರೆ ಅದಕ್ಕೂ ಪರವಾನಗಿ ಬೇಕು. ಸ್ಪರ್ಧಾತ್ಮಕ ಶೂಟಿಂಗ್‌ನ ರಾಷ್ಟ್ರೀಯ ಸಂಸ್ಥೆ 1951ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಘ. ಕ್ರೀಡೆಗೆ ಬರುವವರು ಮೊದಲು ತಮ್ಮ ರಾಜ್ಯದ ರೈಫಲ್ ಸಂಘ ಅಥವಾ ಮಾನ್ಯತೆ ಪಡೆದ ಕ್ಲಬ್‌ನ ಸದಸ್ಯರಾಗುವುದು ಸರಿಯಾದ ದಾರಿ.

ಆಮದಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. ಅಮೆರಿಕದಲ್ಲಿರುವ ಅಣ್ಣನೋ ಭಾವನೋ ಊರಿಗೆ ಬರುವಾಗ ಲ್ಯಾಪ್‌ಟಾಪ್ ತಂದಂತೆ ಸ್ಕೋಪ್ ತರಬಹುದು ಎಂಬ ಭಾವನೆ ಇದೆ. ಆದರೆ ರೈಫಲ್ ಸ್ಕೋಪ್ ಸಾಮಾನ್ಯ ದುರ್ಬೀನು ಅಲ್ಲ. ಅಮೆರಿಕದಿಂದ ಅದನ್ನು ಹೊರಗೆ ಒಯ್ಯುವುದು ಅಲ್ಲಿನ ರಫ್ತು ನಿಯಂತ್ರಣ ನಿಯಮಗಳಿಗೆ ಒಳಪಟ್ಟಿದೆ. ಕಸ್ಟಮ್ಸ್ ಪಟ್ಟಿಯಲ್ಲೂ ಆಯುಧಗಳಿಗೆ ಜೋಡಿಸುವ ದೂರದರ್ಶಕಗಳಿಗೆ 9013ರ ಅಡಿ ಪ್ರತ್ಯೇಕ ವರ್ಗವಿದೆ. ಸೂಟ್‌ಕೇಸ್‌ನಲ್ಲಿ ಹೇಳದೆ ತಂದರೆ ವಸ್ತುವೂ ಹೋಗಬಹುದು, ತಂದವರಿಗೂ ತೊಂದರೆ. ಪರವಾನಗಿ ಹೊಂದಿದ ಮಾರಾಟಗಾರರಿಂದ, ಬಿಲ್ ಮತ್ತು ವಾರಂಟಿ ಪತ್ರದೊಂದಿಗೆ ಕೊಳ್ಳುವುದೇ ಸುರಕ್ಷಿತ.

ಇನ್ನು, ಸ್ಕೋಪ್ ಇದೆ ಎಂದು ಕಾಡಿನತ್ತ ಹೊರಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ವನ್ಯಜೀವಿಗಳ ಬೇಟೆ ಅಪರಾಧ. ಏರ್ ಗನ್‌ನಿಂದ ಹಕ್ಕಿ ಹೊಡೆದರೂ ಅಷ್ಟೇ.

ಕೊನೆಯದಾಗಿ: ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಏಳು ಪ್ರಶ್ನೆಗಳು

• ನಾನು ಆಡುವ ಸ್ಪರ್ಧೆಯ ನಿಯಮದಲ್ಲಿ ಸ್ಕೋಪ್‌ಗೆ ಅವಕಾಶವಿದೆಯೇ? ಜೂಮ್ ಮತ್ತು ತೂಕದ ಮಿತಿ ಏನು?
• ನಾನು ಹೊಡೆಯುವ ದೂರ ಎಷ್ಟು? ಆ ರೇಂಜ್‌ನಲ್ಲಿ ಬಿಸಿಲು ಎಷ್ಟು?
• ಜೂಮ್‌ಗೆ ತಕ್ಕ ಲೆನ್ಸ್ ವ್ಯಾಸ ಇದೆಯೇ?
• ಪ್ಯಾರಲಾಕ್ಸ್ ತಿರುಗಣೆ ನನ್ನ ದೂರಕ್ಕೆ ಹೊಂದುತ್ತದೆಯೇ?
• ಒಂದು ಕ್ಲಿಕ್‌ಗೆ ಗುಂಡು ಸರಿಯುವುದು ನನ್ನ ಗುರಿಯ ಒಳವೃತ್ತಕ್ಕಿಂತ ಸಾಕಷ್ಟು ಚಿಕ್ಕದೇ?
• ಟರೆಟ್ ನನ್ನ ಅತಿ ದೂರದ ಗುರಿಯವರೆಗೆ ತಿರುಗುತ್ತದೆಯೇ?
• ರೈಲ್, ಉಂಗುರ, ನೀರ್ಮಟ್ಟಕ್ಕೆ ಹಣ ಉಳಿದಿದೆಯೇ?

ಈ ಏಳಕ್ಕೂ ಉತ್ತರ ಸಿಕ್ಕ ಮೇಲೆ ಕಂಪನಿಯ ಹೆಸರು ನೋಡಿದರೆ ಸಾಕು. ಸ್ಕೋಪ್ ಗುರಿಯನ್ನು ಹತ್ತಿರ ತರುತ್ತದೆ. ಗಾಳಿಯ ಲೆಕ್ಕ ಹಾಕುವುದು, ಉಸಿರು ಹಿಡಿಯುವುದು, ಟ್ರಿಗರ್ ಒತ್ತುವುದು ಶೂಟರ್‌ನ ಕೆಲಸ. ಹೆಚ್ಚಿನ ಜೂಮ್‌ಗೆಂದು ಎತ್ತಿಟ್ಟ ಹಣದಲ್ಲಿ ಒಂದಿಷ್ಟನ್ನು ಗುಂಡು ಮತ್ತು ರೇಂಜ್ ಶುಲ್ಕಕ್ಕೆ ಉಳಿಸಿಕೊಂಡವರ ಅಂಕವೇ ಮೊದಲು ಏರುತ್ತದೆ.